ಮೂರನೇ ನಂಬರಿನ ಬಾವುಟ

"ಈ ಸಲ ಯಾವ ಕಾಲು, ಎಡಗಾಲೋ ಬಲಗಾಲೋ? ಈಗಲೇ ಹೇಳಿಬಿಡು, ಪಟ್ಟಿ ಕಟ್ಟೋ ಬಟ್ಟೇನ ಚೀಲದಲ್ಲಿ ಮೇಲೇ ಇಟ್ಕೊಳ್ತೀನಿ" ಎಂದಳು ಅಕ್ಕ, ಚೀಲದ ಬಾಯಿ ಬಿಗಿಯುತ್ತ.

"ಎರಡೂ ಚೆನ್ನಾಗಿವೆ" ಎಂದು ತಮ್ಮ ಗೊಣಗಿದ.

"ಈಗ ಚೆನ್ನಾಗೇ ಇರ್ತವೆ. ಬೇರೆಯವರು ಮುಂದೆ ಓಡೋದು ಕಂಡ ಮೇಲೆ ತಾನೆ ಉಳುಕೋದು!" ಎಂದ ಭಾವ, ಹಗ್ಗದ ಸುರುಳಿಯನ್ನು ಹೆಗಲಿಗೇರಿಸುತ್ತ.

ತಮ್ಮ ಗಡಿಯಾರ ರಿಪೇರಿಯವನು. ಊರಿನವರ ಬಾಯಲ್ಲಿ ಅವನು ಫಸ್ಟಪ್ಪ. ವರ್ಷಕ್ಕೊಮ್ಮೆ ಹೊಸ ಜಾಗದಲ್ಲಿ ನಡೆಯುವ ಸಾಹಸ ಪಂದ್ಯದಿಂದ ಒಂಬತ್ತು ಸಲ ಒಂದನೇ ನಂಬರಿನ ಬಾವುಟ ತಂದು ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ. ಹನ್ನೆರಡು ವರ್ಷದಿಂದಲೂ ಅದೇ ತಂಡ: ಟೈಲರ್ ಅಕ್ಕ, ಕಟಿಂಗ್ ಶಾಪಿನ ಭಾವ ಮತ್ತು ಅವನು. ಉಳಿದ ಮೂರು ಸಲ ಏನಾಯಿತು ಎಂದರೆ, ಸೋಲುವ ಸೂಚನೆ ಕಂಡಲ್ಲೇ ಅವನ ಕಾಲು ಉಳುಕಿತ್ತು.

ಅದಕ್ಕೆ ಕಾರಣ ಪಂದ್ಯ ನಡೆಸುವ ಮುದುಕನ ಪುಸ್ತಕ. ದೀಪಸ್ತಂಭದ ಕಾವಲಿನಿಂದ ನಿವೃತ್ತನಾದ ಆ ಮುದುಕ, ಅರ್ಧ ದಾರಿಯಿಂದ ತಿರುಗಿ ಬಂದವರ ಮುಂದೆ 'ಸೋತರು' ಎಂದು ಬರೆಯುತ್ತಿರಲಿಲ್ಲ. 'ಗೈರುಹಾಜರು' ಎಂದು ಬರೆಯುತ್ತಿದ್ದ. ಫಸ್ಟಪ್ಪನ ಹನ್ನೆರಡು ವರ್ಷದ ಮರ್ಯಾದೆ ಆ ಒಂದು ಪದದ ಮೇಲೆ ನಿಂತಿತ್ತು.

ಮುದುಕ ಎಲ್ಲರ ಫೋನುಗಳನ್ನೂ ಬಕೆಟ್ಟಿಗೆ ಹಾಕಿಸಿಕೊಂಡ. "ಕಾಡು ದಾಟಿ, ಬಂಡೆ ಇಳಿದು, ಸಮುದ್ರದ ಗುಹೆ. ಗುಹೆ ಕೊನೇಲಿ ಆಕಾಶಕ್ಕೆ ತೆರೆದ ಕೊಳ. ಅಲ್ಲಿ ಡಬ್ಬಿ, ಡಬ್ಬೀಲಿ ಮೂರು ಬಾವುಟ. ಮೊದಲು ಹೋದವರಿಗೆ ಒಂದನೇದು, ಆಮೇಲೆ ಎರಡು, ಮೂರು. ಹನ್ನೊಂದು ಗಂಟೆ ಮೇಲೆ ಯಾರೂ ಒಳಗೆ ಕಾಲಿಡಬಾರದು. ಉಬ್ಬರ ಯಾರ ಮನೆ ಅಳಿಯನೂ ಅಲ್ಲ, ಕರೆದಾಗ ಬಂದು ಕಳಿಸಿದಾಗ ಹೋಗೋಕೆ!"

ಅಕ್ಕನ ಕಣ್ಣು ಅರಳಿತು. "ಆ ಕೊಳದ ನೀರು ಗಾಜಿನ ಬಳೆ ಥರ ಹಸಿರಂತೆ. ಒಂದ್ಸಲ ನೋಡ್ಬೇಕು ಕಣೋ."

ಮುದುಕ ಸೀಟಿ ಊದಿದ. ಅಗ್ನಿಶಾಮಕ ದಳದವರು, ಅಂಚೆ ಕಚೇರಿಯವರು, ಇವರು, ಹೀಗೆ ಮೂರೂ ತಂಡಗಳು ಕಾಡಿಗೆ ನುಗ್ಗಿದವು.

ಬೆಳಗಿನ ಕಾಡು ಒದ್ದೆ ಎಲೆಯ ವಾಸನೆಯಿಂದ ಘಮಗುಡುತ್ತಿತ್ತು. ದಪ್ಪ ಬಳ್ಳಿಗಳು ಮರದಿಂದ ಮರಕ್ಕೆ ಜೋತುಬಿದ್ದಿದ್ದವು. ಅವುಗಳ ಸಂದಿಯಿಂದ ಬಿಸಿಲು ತುಂಡುತುಂಡಾಗಿ ನೆಲಕ್ಕೆ ಬೀಳುತ್ತಿತ್ತು. ಎಲ್ಲೋ ಕೆಳಗಡೆ ಸಮುದ್ರ ನಿದ್ದೆಯಲ್ಲಿ ಗೊರಕೆ ಹೊಡೆದಂತೆ ಏಳುತ್ತಾ ಬೀಳುತ್ತಾ ಇತ್ತು. ಫಸ್ಟಪ್ಪ ಮಾತ್ರ ಇದ್ಯಾವುದನ್ನೂ ನೋಡದೆ, ತಾನು ವಾರಗಟ್ಟಲೆ ಅಲೆದು ಹುಡುಕಿಟ್ಟಿದ್ದ ಒಳದಾರಿಯತ್ತ ದೌಡಾಯಿಸಿದ.

ಒಳದಾರಿಯ ಕೆಸರಿನಲ್ಲಿ ಆಗಲೇ ಬೂಟಿನ ಗುರುತುಗಳಿದ್ದವು. ಅಗ್ನಿಶಾಮಕ ದಳದವರ ಬೂಟು.

"ಭಾವಾ, ಈ ದಾರಿ ಅವರಿಗೆ ಹೇಗೆ ಗೊತ್ತಾಯ್ತು?"

ಭಾವ ಕೆಮ್ಮಿದ. "ನಿನ್ನೆ ಮೂವರೂ ಕಟಿಂಗ್‌ಗೆ ಬಂದಿದ್ರು. ಉಪಾಯವಾಗಿ ಅವರ ಗುಟ್ಟೆಲ್ಲಾ ಬಾಯಿ ಬಿಡಿಸಿದೆ."

"ನಮ್ಮ ಗುಟ್ಟು?"

"ಕತ್ತರಿ ಆಡ್ತಿದ್ರೆ ಬಾಯಿ ಸುಮ್ನಿರುತ್ತೇನಪ್ಪಾ? ಮಾತಿಗೆ ಮಾತು ಬಂತು. ಪಕ್ಕದ ಕುರ್ಚೀಲಿ ಅಂಚೆ ಕಚೇರಿಯವರೂ ಇದ್ರು."

ಫಸ್ಟಪ್ಪ ಹಲ್ಲು ಕಡಿದು ಓಡಿದ. ಬಂಡೆಯ ಅಂಚಿಗೆ ಬಂದಾಗ ಕಾಲ ಕೆಳಗೆ ಮೂವತ್ತು ಅಡಿ ಕಡಿದಾದ ಇಳಿಜಾರು. ಅಕ್ಕ ಹಗ್ಗವನ್ನು ಮರಕ್ಕೆ ಕಟ್ಟಿ ಕೆಳಗೆ ಬಿಟ್ಟಳು. ಹಳೆಯ ಪ್ಯಾಂಟುಗಳ ಸೊಂಟಪಟ್ಟಿಗಳನ್ನು ನಾಲ್ಕು ಮಡಿಕೆ ಮಾಡಿ ಅವಳೇ ಹೊಲಿದ ಹಗ್ಗ. "ಅರ್ಧ ಊರಿನ ಸೊಂಟದ ಭಾರ ಹೊತ್ತಿದೆ, ನಿನ್ನದು ಯಾವ ಲೆಕ್ಕ? ಇಳಿ!"

ಒಬ್ಬೊಬ್ಬರಾಗಿ ಸರಸರ ಇಳಿದರು. ಗುಹೆಯ ಬಾಯಿಂದ ಅಂಚೆಯವರು, ಅವರಿಗಿಂತ ಮುಂದೆ ಅಗ್ನಿಶಾಮಕದವರು, ಎದುರಿಗೇ ಹೊರಬರುತ್ತಿದ್ದರು.

"ಫಸ್ಟಪ್ಪಣ್ಣಾ, ನಿಮ್ಮದು ಒಳಗೆ ಭದ್ರವಾಗಿದೆ. ಮೂರನೇದು!" ಎಂದು ಕೂಗಿ, ಗಹಗಹಿಸುತ್ತಾ ಬಂಡೆ ಹತ್ತಿ ಮಾಯವಾದರು.

ಮೂರನೇದು. ಫಸ್ಟಪ್ಪನಿಗೆ ಅಪ್ಪನ ನೆನಪಾಯಿತು. ಚಿಕ್ಕವನಿದ್ದಾಗ ಶಾಲೆಯ ಓಟ ಮುಗಿಸಿ ಬಂದರೆ, ಚಪ್ಪಲಿ ಬಿಡುವ ಮೊದಲೇ ಅಪ್ಪ ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟನೇದು?" ಈಗಲೂ ಅಂಗಡಿಯ ಸ್ಟೂಲಿನ ಮೇಲೆ ಕೂತು ಅದನ್ನೇ ಕೇಳಲು ಕಾಯುತ್ತಿರುತ್ತಾರೆ.

ಬಲಗಾಲು ತಾನಾಗಿ ಕುಂಟತೊಡಗಿತು.

"ಓಹೋ, ಬಲಗಾಲು. ನಾನು ಎಡಗಾಲು ಅಂದ್ಕೊಂಡಿದ್ದೆ" ಎಂದ ಭಾವ.

ಫಸ್ಟಪ್ಪ ಕುಂಟುವುದನ್ನು ನಿಲ್ಲಿಸಿ ಕೈಗಡಿಯಾರ ನೋಡಿದ. ಮುಖಕ್ಕೆ ಜೀವ ಬಂತು. "ಕಾಲಿನ ಮಾತೇ ಬೇಡ. ಹನ್ನೊಂದು ಹತ್ತು! ನಿಯಮ ಅಂದ್ರೆ ನಿಯಮ. ವಾಪಸ್ ಹೋಗೋಣ."

ಅಕ್ಕ ವಾದ ಮಾಡಲಿಲ್ಲ. ಗುಹೆಯ ಕತ್ತಲೊಳಗೆ ಒಮ್ಮೆ ಇಣುಕಿ, ಬಂಡೆಯ ಬುಡಕ್ಕೆ ಬಂದು, ಮೇಲೆ ಹತ್ತಲು ಹಗ್ಗದ ತುದಿಯನ್ನು ಕೈಗೆ ಸುತ್ತತೊಡಗಿದಳು. ಹೀಗೆ ಅರ್ಧಕ್ಕೆ ತಿರುಗಿ ಹೋಗುವುದು ಇದು ನಾಲ್ಕನೆಯ ಸಲ. "ಹೋಗ್ಲಿ ಬಿಡು. ಹಸಿರು ನೀರು ಮನೆ ಬಕೆಟ್‌ನಲ್ಲೂ ಇದೆ, ತೊಳೀದೆ ಬಿಟ್ರೆ."

ಅವಳ ಕೈ ಹಗ್ಗ ಸುತ್ತುವುದನ್ನೇ ಫಸ್ಟಪ್ಪ ನೋಡಿದ. ಒಂದು ಸುತ್ತು, ಎರಡು ಸುತ್ತು, ಮೂರು.

"ಅಕ್ಕಾ, ಇದು ಹದಿನೈದು ನಿಮಿಷ ಮುಂದಿದೆ."

"ಯಾವುದು?"

"ನನ್ನ ಗಡಿಯಾರ. ಎಲ್ಲಾ ಕಡೆ ಮೊದಲು ತಲುಪ್ಬೇಕು ಅಂತ ಯಾವಾಗಲೂ ಹಾಗೇ ಇಟ್ಕೊಂಡಿರ್ತೀನಿ. ಈಗ ಹನ್ನೊಂದಕ್ಕೆ ಐದು ನಿಮಿಷ ಇದೆ."

ಭಾವ ಬಾಯಿ ತೆರೆದ. "ಊರಿಗೆಲ್ಲಾ ಸರಿಯಾದ ಟೈಮ್ ಹಾಕಿಕೊಡೋ ಮಹಾರಾಯ, ನಿನ್ನದೇ ಸುಳ್ಳೇ?"

"ಮೊದಲು ಅದನ್ನ ಸರಿ ಮಾಡು" ಎಂದಳು ಅಕ್ಕ. ಅವನು ಮುಳ್ಳು ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಅವಳು ಟಾರ್ಚು ಹೊತ್ತಿಸಿ ಒಳಗೆ ನಡೆದಾಗಿತ್ತು.

ಗುಹೆಯೊಳಗೆ ನೀರು ಮೊಣಕಾಲಿಗೆ ಬಂತು. ಬಾವಲಿಗಳು ಭರ್ರನೆ ಎದ್ದವು. ಒಂದು ಇಕ್ಕಟ್ಟು ಸಂದಿಯಲ್ಲಿ ಅಡ್ಡಡ್ಡ ತೂರಿ, ತೆವಳಿ ಹೊರಬಿದ್ದರೆ, ಎದುರಿಗೆ ಕೊಳ.

ಮೇಲಿನಿಂದ ಒಂದೇ ಒಂದು ಬಿಸಿಲ ಕೋಲು ನೀರಿಗೆ ಇಳಿದಿತ್ತು. ಅದು ಮುಟ್ಟಿದ ಕಡೆಯಿಂದ ಹಸಿರು ಬೆಳಕು ಹರಡಿ, ಸುತ್ತಲಿನ ಬಂಡೆಗಳ ಮೇಲೆ ತಳತಳಿಸುತ್ತಿತ್ತು. ಅಕ್ಕನ ಮುಖದ ಮೇಲೂ ಅದೇ ಬೆಳಕು.

ಫಸ್ಟಪ್ಪ ಡಬ್ಬಿ ತೆರೆದು ಬಾವುಟ ಜೇಬಿಗಿಟ್ಟ.

"ಬಂದದ್ದಾಯ್ತಲ್ಲ, ಹೊರಡೋಣ" ಎಂದ ಭಾವ.

"ಒಂದು ನಿಮಿಷ" ಎಂದಳು ಅಕ್ಕ.

ಫಸ್ಟಪ್ಪ ಗಡಿಯಾರ ನೋಡಿದ. "ಹನ್ನೊಂದಕ್ಕೆ ಇನ್ನೂ ಒಂದು ನಿಮಿಷ ಇದೆ." ಅವನೂ ನಿಂತು ನೋಡಿದ. ಗೆದ್ದ ಒಂಬತ್ತು ಜಾಗಗಳಲ್ಲಿ ಒಂದಾದರೂ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದ. ಓಡುತ್ತಿದ್ದ ತನ್ನ ಬೂಟುಗಳೇ ಕಣ್ಣಮುಂದೆ ಬಂದವು.

ವಾಪಸ್ ಬರುವಾಗ ನೀರು ಸೊಂಟ ದಾಟಿತ್ತು.

ಅಲೆಯೊಂದು ನುಗ್ಗಿತು. ಎದೆ.

ಇಕ್ಕಟ್ಟು ಸಂದಿಯಲ್ಲಿ ಮುಂದೆ ಹೋದ ಭಾವ ನಿಂತುಬಿಟ್ಟ.

"ನಡೀರಿ ಭಾವಾ!"

"ನಡೀತಿದ್ದೆ, ಕೋಟು ನಡೀತಿಲ್ಲ!" ನೀರು ಕುಡಿದ ದಪ್ಪ ಕೋಟು ಉಬ್ಬಿ, ಅದರ ಗುಂಡಿಗಳು ಬಂಡೆಯ ಬಿರುಕಿಗೆ ಸಿಕ್ಕಿಕೊಂಡಿದ್ದವು.

ಅಕ್ಕ ಚೀಲದಿಂದ ಕತ್ತರಿ ಎಳೆದಳು.

"ಅಯ್ಯೋ, ಮದುವೆ ವಾರ್ಷಿಕೋತ್ಸವಕ್ಕೆ ನೀನೇ ಹೊಲಿದದ್ದು ಕಣೇ!"

"ಹೊಲಿದವಳೇ ಕತ್ತರಿಸ್ತೀನಿ. ಗಂಡ ಇನ್ನೊಬ್ಬ ಸಿಗಲ್ಲ, ಕೋಟು ಸಿಗುತ್ತೆ."

ಕಟ್. ಕಟ್. ಕಟ್.

ಭಾವ ಬಾಟಲಿಯ ಬಿರಡೆಯಂತೆ ಆಚೆಗೆ ಬಿದ್ದ. ಹಿಂದೆಯೇ ಇಬ್ಬರೂ ತೂರಿದರು. ಗುಹೆಯ ಬಾಯಲ್ಲಿ ಅಲೆಗಳು ಬಂಡೆಗೆ ಬಡಿದು ಬೆಳ್ಳಗೆ ಚಿಮ್ಮುತ್ತಿದ್ದವು.

"ತಡೀರಿ!" ಫಸ್ಟಪ್ಪ ಇಬ್ಬರ ತೋಳನ್ನೂ ಹಿಡಿದ. ಕಣ್ಣು ಗಡಿಯಾರದ ಸೆಕೆಂಡ್ ಮುಳ್ಳಿನ ಮೇಲೆ. ಒಂದು ಅಲೆ, ಇನ್ನೊಂದು ಅಲೆ, ಮತ್ತೊಂದು. "ಎರಡು ಅಲೆ ನಡುವೆ ಹದಿನೆಂಟು ಸೆಕೆಂಡ್. ಹಗ್ಗ ಮುಟ್ಟೋಕೆ ಹನ್ನೆರಡು ಸಾಕು. ನಾನು ಅಂದಾಗ ಹೋಗಿ. ಅಕ್ಕಾ, ಈಗ!"

ಅಕ್ಕ ಓಡಿದಳು. ಅಲೆ ಬಂತು, ಹೋಯಿತು.

"ಭಾವಾ, ಈಗ!"

ಭಾವ ಓಡಿದ.

ಕೊನೆಗೆ ಫಸ್ಟಪ್ಪ. ಹಗ್ಗ ಹಿಡಿದು ಮೇಲಕ್ಕೆ ಜಿಗಿಯುವುದಕ್ಕೂ ಅಲೆ ಅವನ ಒಂದು ಬೂಟನ್ನು ಕಸಿದುಕೊಳ್ಳುವುದಕ್ಕೂ ಸರಿಹೋಯಿತು.

ಹೊರಟ ಜಾಗದಲ್ಲೇ ಕಾಯುತ್ತಿದ್ದ ಮುದುಕ ಬಾವುಟ ನೋಡಿದ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದ. "ಮೂರನೇದು ಅಂತ ಬರೀಲಾ? ಯೋಚನೆ ಮಾಡು."

"ಬರೀರಿ ಯಜಮಾನ್ರೇ. ದಪ್ಪ ಅಕ್ಷರದಲ್ಲಿ."

ಅಂಗಡಿಗೆ ಬರುವಷ್ಟರಲ್ಲಿ ಫಸ್ಟಪ್ಪನ ಧೈರ್ಯ ಅರ್ಧ ಇಳಿದಿತ್ತು. ಒಂದು ಕಾಲಲ್ಲಿ ಬೂಟಿಲ್ಲದೆ ಈಗ ನಿಜವಾಗಿಯೂ ಕುಂಟುತ್ತಿದ್ದ. ಅಪ್ಪ ಸ್ಟೂಲಿನಿಂದ ಕತ್ತೆತ್ತಿದರು.

"ಎಷ್ಟನೇದು?"

"ಮೂರನೇದು ಅಪ್ಪಾ."

"ಎಷ್ಟು ತಂಡ ಇದ್ವು?"

"ಮೂರು."

ಗೋಡೆಯ ಗಡಿಯಾರಗಳೆಲ್ಲಾ ಒಟ್ಟಿಗೆ ಟಿಕ್‌ಟಿಕ್ ಎಂದವು. ಅಕ್ಕ ಬಾವುಟ ಕಿತ್ತುಕೊಂಡು, ಬಾಗಿಲಲ್ಲಿ ನಿಂತು ಉಪ್ಪುನೀರು ಹಿಂಡಿ, ಅಂಗಡಿಯ ಮುಂದಿನ ತಂತಿಗೆ ಒಣಹಾಕಿದಳು.

ಅಪ್ಪ ಮಗನ ಬರಿಗಾಲನ್ನು ನೋಡಿದರು, ಅಳಿಯನ ಗುಂಡಿಯಿಲ್ಲದ ಕೋಟನ್ನು ನೋಡಿದರು. "ಬೂಟೆಲ್ಲಿ? ಇವರ ಗುಂಡಿಗಳೆಲ್ಲಿ?"

"ಅದೊಂದು ದೊಡ್ಡ ಕತೆ ಅಪ್ಪಾ."

"ಒಂಬತ್ತು ಸಲ ಗೆದ್ದು ಬಂದೆ, ಒಂದ್ಸಲಾನೂ ಕತೆ ತರ್ಲಿಲ್ವಲ್ಲೋ. ಕೂತ್ಕೋ, ಮೊದಲಿಂದ ಹೇಳು. ತಡಿ, ಬಂದೆ."

ಅಪ್ಪ ಕೋಲೂರಿ ಎದ್ದು ಬಾಗಿಲಿಗೆ ಹೋದರು. ಅಕ್ಕ ಹಾಕಿದ್ದ ಬಾವುಟ ಹಿಂದುಮುಂದಾಗಿ ತೂಗುತ್ತಿತ್ತು. ಅದನ್ನು ತಂತಿಯಿಂದ ಬಿಡಿಸಿ, ನಂಬರು ಬೀದಿಗೆ ಕಾಣುವಂತೆ ತಿರುಗಿಸಿ ಹಾಕಿ, ಗಾಳಿಗೆ ಹಾರದ ಹಾಗೆ ಎರಡೂ ಕಡೆ ಕ್ಲಿಪ್ಪು ಸಿಕ್ಕಿಸಿದರು.