ಪಂಚಮಿಗೆ ತಂದ ಕುಪ್ಪಸ

"ಏ... ಹಿಂದ ಸರಿ!"

ಕೂಗು ಕಿವಿಗೆ ಬೀಳುವಷ್ಟರಲ್ಲಿ ಯಾರದೋ ಕೈ ರುಕ್ಮವ್ವನ ರಟ್ಟೆ ಹಿಡಿದು ಎಳೆದಿತ್ತು. ಅವಳು ಜೋಲಿ ತಪ್ಪಿ ಹಿಂದಿದ್ದ ಜೋಳದ ಕಣಿಕೆಯ ರಾಶಿಯ ಮೇಲೆ ಬಿದ್ದಳು. ಸೆರಗು ಜಾರಿತ್ತು, ಕೂದಲ ತುಂಬ ಹೊಟ್ಟು.

ಎದುರಿಗೆ ಪ್ಯಾಂಟು ತೊಟ್ಟ ಅಪರಿಚಿತ ಗಂಡಸು!

"ಪರಾಯಿ ಹೆಣ್ಣಮಗಳ ರಟ್ಟಿ ಹಿಡೀತೀರಲ್ಲ, ನಾಚಿಕಿ ಆಗೂದಿಲ್ಲೇನ್ರಿ ನಿಮಗ?"

"ಒಳಗ ಬಿದ್ದಿದ್ರ ಯಾರು ನಾಚಬೇಕಿತ್ತು? ತೆರೆದ ಹಗೇವಿನ್ಯಾಗ ಯಾರರ ತಲಿ ಹಾಕ್ತಾರೇನು?"

ನೆಲದಡಿ ಜೋಳ ತುಂಬಿಡುವ ಆಳವಾದ ಗುಂಡಿಯೇ ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಹಳ ದಿನ ಮುಚ್ಚಿಟ್ಟು ತೆರೆದಾಗ ಒಳಗಿನ ಕೆಟ್ಟ ಗಾಳಿ ಕುಡಿದರೆ ಎಂಥ ಪೈಲ್ವಾನನೂ ಕುಸಿದು ಬೀಳುತ್ತಾನೆ. ಇದು ರುಕ್ಮವ್ವನಿಗೆ ಗೊತ್ತಿರಲಿಲ್ಲವೇ? ಯಂಕಂಚಿ ಊರಿನಲ್ಲಿ ಹಗೇವು ತೋಡುವುದು, ತೆರೆಯುವುದು ಅವಳ ಮನೆತನದ್ದೇ ಕಸುಬು! ಅಡ್ಡಹೆಸರೇ ಹಗೇದ! ಆದರೆ ಒಳಗೆ ಬಿದ್ದದ್ದು ಹೊಸ ಬುಟ್ಟಿ, ಬೈಯುವ ಅಪ್ಪ ಶ್ರೀಶೈಲಪ್ಪ ಕಾಯಿ ತರಲು ಹೋಗಿದ್ದ. ಹತ್ತೊಂಬತ್ತರ ವಯಸ್ಸಿಗೆ ಅಷ್ಟು ಸಾಕಲ್ಲವೇ?

ಅವಳು ಸೆರಗು ಸರಿ ಮಾಡಿಕೊಂಡು ಎದ್ದಳು. ಥ್ಯಾಂಕ್ಸ್ ಹೇಳುವ ರೂಢಿ ಅವರ ಮನೆಯಲ್ಲಿರಲಿಲ್ಲ.

"ಮಜ್ಜಿಗಿ ಕುಡೀತೀರೇನ್ರಿ?" ಎಂದಳು.

ಅವನು ನಕ್ಕ. ಅಷ್ಟೇ... ರುಕ್ಮವ್ವನ ಮನಸ್ಸು ಆಗಲೇ ಜಾರಿತ್ತು!

*

1975ರ ಕಾರ್ತಿಕ ಅದು. ಅವನ ಹೆಸರು ಬಸಂತರಾಯ. ಸಿಂದಗಿಯ ಕೃಷಿ ಆಫೀಸಿನ ಹುಡುಗ. ಹಗೇವಿನ ಕಾಳಿಗೆ ಹುಳ ಬೀಳುತ್ತದೆ, ಬೂಸ್ಟು ಬರುತ್ತದೆ, ಇನ್ನು ಮೇಲೆ ತಗಡಿನ ಕಣಜದಲ್ಲಿ ತುಂಬಿಡಿ ಎಂದು ಊರೂರಿಗೆ ಹೇಳುವುದು ಅವನ ಕೆಲಸ.

ಅಂದರೆ ರುಕ್ಮವ್ವನ ಅಪ್ಪನ ಅನ್ನಕ್ಕೇ ಕಲ್ಲು! ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರೆ, ಲೆಕ್ಕಾಚಾರವೂ ಇಲ್ಲ ನೋಡಿ.

ಆಫೀಸಿನಲ್ಲಿ ಅವನನ್ನು ಎಲ್ಲರೂ 'ನಾಲತವಾಡ' ಎಂದೇ ಕರೆಯುತ್ತಿದ್ದರು. ಅವನು ಎಳೆಯನಿದ್ದಾಗಲೇ ಅಪ್ಪ ತೀರಿಕೊಂಡು, ಅವ್ವ ಅವನನ್ನು ಬಸವನ ಬಾಗೇವಾಡಿಯ ತವರಿಗೆ ಕರೆತಂದಿದ್ದಳು. ಶಾಲೆಗೆ ಸೇರಿಸಲು ಹೋದ ಸೋದರಮಾವ, ಹುಡುಗನ ಅಪ್ಪನ ಊರನ್ನೇ ಅಡ್ಡಹೆಸರಾಗಿ ಹೇಳಿ ಬಂದಿದ್ದ. ಆ ಸೀಮೆಯಲ್ಲಿ ಅರ್ಧ ಜನರ ಅಡ್ಡಹೆಸರು ಊರಿನದೇ, ಇನ್ನರ್ಧ ಜನರದು ಕಸುಬಿನದು. ಅವ್ವನೂ ಬೇಗ ಹೋದಳು. ಮನೆತನದ ಹೆಸರು ಬೇರೆಯೇ ಇದ್ದೀತು ಎಂದು ಬಸಂತರಾಯ ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ.

ತಗಡಿನ ಕಣಜದ ನೆಪದಲ್ಲಿ ಅವನು ವಾರಕ್ಕೊಮ್ಮೆ ಬರತೊಡಗಿದ.

"ತಗಡಿನ್ಯಾಗ ಜ್ವಾಳ ಇಟ್ರ ಬ್ಯಾಸಿಗ್ಯಾಗ ಕುದೀತಾವ ತಮ್ಮಾ. ಭೂಮಿತಾಯಿ ಹೊಟ್ಟ್ಯಾಗ ಇಟ್ಟದ್ದು ತಂಪಿರ್ತೈತಿ" ಎಂದು ಶ್ರೀಶೈಲಪ್ಪ ರುಮಾಲು ಸರಿ ಮಾಡಿಕೊಳ್ಳುತ್ತಿದ್ದ. ಊರಲ್ಲಿ ಯಾರ ಹಗೇವು ತೆರೆದರೂ ಮೊದಲ ಕಾಯಿ ಅವನ ಕೈಗೆ ಕೊಡಬೇಕು. ಅಪ್ಪನ ಕಾಲದಿಂದ ಬಂದ ಮಾನವೆಂದು ಅವನಿಗೆ ಅದರ ಮೇಲೆ ಜೀವ.

ಬಸಂತರಾಯ ತಲೆಯಾಡಿಸುತ್ತ, ಕಣ್ಣನ್ನು ಬಾಗಿಲ ಮರೆಗೆ ಕಳಿಸುತ್ತಿದ್ದ.

ಸಂಕ್ರಾಂತಿಯ ದಿನ ರುಕ್ಮವ್ವ ಕುಸರೆಳ್ಳು ಕೊಡಲು ಹೊರಬಂದಾಗ, ಅವನು ಸಣ್ಣ ದನಿಯಲ್ಲಿ ಕೇಳಿದ.

"ನಮ್ಮ ಕಾಕಾನ ಕರಕೊಂಡು ಬರಲೇನು?"

"ಯಾಕ್ರಿ? ಕಾಕಾನೂ ತಗಡಿನ ಕಣಜ ಮಾರಾವರೇನು?"

"ರುಕ್ಮಾ..."

ಮೊದಲ ಸಲ ಅವನ ಬಾಯಲ್ಲಿ ತನ್ನ ಹೆಸರು! ಅವಳು ಮುಖ ತಿರುಗಿಸಿ "ಬರ್ರಿ" ಎಂದಷ್ಟೇ ಹೇಳಿ ಒಳಗೆ ಓಡಿದಳು.

*

ಕಾಕಾ ಖಂಡೆಪ್ಪ ನಾಲತವಾಡದಿಂದ ಬಂದ. ಚಹಾ ಆಯಿತು, ಮಳೆ-ಬೆಳೆಯ ಮಾತಾಯಿತು. ಹುಡುಗಿ ಹಿಡಿಸಿದಳು. ಕೊನೆಗೆ ಅವನು ಸಹಜವಾಗಿ ಕೇಳಿದ.

"ನಿಮ್ಮ ಅಡ್ಡಹೆಸರು ಏನಂದ್ರಿ?"

"ಹಗೇದ" ಎಂದ ಶ್ರೀಶೈಲಪ್ಪ, ಎದೆಯುಬ್ಬಿಸಿ.

ಖಂಡೆಪ್ಪನ ಮುಖದ ನಗೆ ಅಲ್ಲೇ ನಿಂತಿತು.

"ಹಗೇದ?... ಯಪ್ಪಾ ಶಿವನೇ! ನಾವೂ ಹಗೇದರ ಅಲ್ಲೇನ್ರಿ!"

ಬಾಗಿಲ ಮರೆಯಲ್ಲಿದ್ದ ರುಕ್ಮವ್ವ ಚೌಕಟ್ಟನ್ನು ಹಿಡಿದುಕೊಂಡಳು. ಒಂದೇ ಅಡ್ಡಹೆಸರೆಂದರೆ ಅಣ್ಣತಮ್ಮಂದಿರ ಮನೆತನ. ಅಲ್ಲಿಯ ಹುಡುಗನಿಗೆ ಇಲ್ಲಿಯ ಹುಡುಗಿ... ತಂಗಿ!

"ಕಾಕಾ, ಹೆಸರು ಒಂದಾದ್ರ ಏನಾತು?" ಬಸಂತರಾಯ ನಡುವೆ ಬಾಯಿ ಹಾಕಿದ. "ಬಡಿಗೇರ ಅನ್ನಾವ್ರು ಎಲ್ಲಾ ಊರಾಗ ಅದಾರ. ಅವರೆಲ್ಲಾ ಒಂದ ತಾಯಿ ಮಕ್ಕಳೇನು?"

"ಬಡಿಗ್ಯಾ ಊರಿಗೊಬ್ಬ ಬೇಕಪಾ, ಅದಕ್ಕ ಊರಿಗೊಬ್ಬ ಆದ. ಹಗೇದರು ಹಂಗಲ್ಲ. ಸಾಲೋಟಗ್ಯಾಗ ಒಂದು ಮನಿ ಇತ್ತು, ಅದು ಮುಗೀತು. ಈಗ ನೋಡಿದ್ರ ಇಲ್ಲಿ ಒಂದು, ನಾಲತವಾಡದಾಗ ನಮ್ದೊಂದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲೂಕ ತಿರಗು. ಮತ್ತೊಬ್ಬ ಹಗೇದ ಸಿಕ್ರ ನನ್ನ ಕೇಳು. ಇಷ್ಟ ಕಡಿಮಿ ಇದ್ದ ಹೆಸರು ಬ್ಯಾರೆ ಬ್ಯಾರೆ ರಕ್ತದಾಗ ಇರ್ತೈತೇನು? ಎಲ್ಲಾರೂ ಸಾಲೋಟಗಿ ಬೇರಿನಾವ್ರು."

ಎಲ್ಲರೂ ಶ್ರೀಶೈಲಪ್ಪನ ಕಡೆ ನೋಡಿದರು. ಅವನು ನೆಲ ನೋಡುತ್ತ, ತಲೆಯ ರುಮಾಲನ್ನು ಎರಡು ಸಲ ಸರಿ ಮಾಡಿಕೊಂಡ.

"ಹೌದು... ಒಂದ ರಕ್ತ" ಎಂದ.

ಹೆಣ್ಣು ನೋಡಲು ಬಂದಿದ್ದ ಮನೆಯಿಂದ ಬಸಂತರಾಯ ಅಣ್ಣನಾಗಿ ಎದ್ದು ಹೋದ!

*

ರುಕ್ಮವ್ವ ಅನ್ನ ನೀರು ಬಿಟ್ಟಳು. ಅವ್ವನಿಲ್ಲದ ಮೊಮ್ಮಗಳನ್ನು ಸಾಕಿದ್ದ ಅಜ್ಜಿ ಹೊನ್ನವ್ವ ಒಂದು ಮಧ್ಯಾಹ್ನ ರೊಟ್ಟಿ ತಟ್ಟುವುದನ್ನು ಅರ್ಧಕ್ಕೆ ಬಿಟ್ಟು ಅವಳ ಪಕ್ಕಕ್ಕೆ ಬಂದು ಕುಳಿತಳು.

"ಯವ್ವಾ, ನನ್ನ ಕಣ್ಣಿಲೆ ನೋಡೂದಾಗವಲ್ತು. ಒಂದು ಮಾತು ಹೇಳ್ತೇನಿ... ಆ ಹುಡುಗ ನಿನಗ ಅಣ್ಣ ಅಲ್ಲ."

"ಆಯೀ!"

"ನಿನ್ನಪ್ಪ ನನ್ನ ಹೊಟ್ಟ್ಯಾಗ ಹುಟ್ಟಿದಾವಲ್ಲ. ಸಾಲೋಟಗ್ಯಾಗ ಇದ್ದಾಗ ನಿಮ್ಮ ಮುತ್ಯಾನ ಕೂಡ ಒಬ್ಬ ಆಳು ಹಗೇವಿಗೆ ಇಳೀತಿದ್ದ. ಒಂದಿನ ಅವಸರ ಮಾಡಿದ... ಇಳಿದಾವ ಮ್ಯಾಲ ಬರಲಿಲ್ಲ. ಹೇಂತಿ ಬಾಣಂತ್ಯಾಗ ಮೊದಲ ಸತ್ತಿದ್ಲು. ಕೂಸು ದಂಡಿ ಮ್ಯಾಲ ಕುಂತು ಒಳಗ ನೋಡಕೋತ ಅಪ್ಪಾ, ಅಪ್ಪಾ ಅಂತ ಕರೀತಿತ್ತು. ನನಗ ಮಕ್ಕಳಿರಲಿಲ್ಲ. ಎತ್ತಿಕೊಂಡೆ. ಅಲ್ಲೇ ಇದ್ರ ಜನ ಅವನ ಕಿವಿಗೆ ಹಾಕ್ತಾರಂತ ಇಲ್ಲಿಗೆ ಬಂದ್ವಿ."

ರುಕ್ಮವ್ವ ತಟ್ಟನೆ ಅಜ್ಜಿಯ ಕಡೆಗೆ ತಿರುಗಿದಳು. ದುಃಖದ ಅಡಿಯಿಂದ ಒಂದು ಹುಚ್ಚು ಸಂತೋಷ ಉಕ್ಕಿತು. ಹಾಗಾದರೆ... ಹಾಗಾದರೆ!

"ಅಪ್ಪಗ ಗೊತ್ತೈತೇನು?"

"ಇಲ್ಲ." ಮುದುಕಿ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಹಗೇವೆಲ್ಲಾ ಮುಚ್ಚಾಕತ್ತಾವ. ಹೊಲ ಇಲ್ಲ, ರೊಕ್ಕ ಇಲ್ಲ. ಹಗೇದ ಅನ್ನೂದೊಂದ ಅವನ ಆಸ್ತಿ. ಅದೂ ನಿಂದಲ್ಲೋ ಅಂತ ನಾ ಹ್ಯಾಂಗ ಹೇಳಲಿ? ನಿನಗ ಹೇಳೇನಿ. ಇನ್ನ ನೀ ಏನ ಮಾಡಿದ್ರೂ ನಾ ಬ್ಯಾಡ ಅನ್ನೂದಿಲ್ಲ."

ಆ ಹೊತ್ತಿಗೆ ಶ್ರೀಶೈಲಪ್ಪ ಒಳಗೆ ಬಂದ. ಯಾರದೋ ಹಗೇವು ತೆರೆದು ಬಂದಿದ್ದ, ಕೈಯಲ್ಲಿ ಮೊದಲ ಕಾಯಿ. "ತಗೋ ಯವ್ವಾ, ಹಗೇದರ ಕಾಯಿ" ಎಂದು ತಾಯಿಯ ಕೈಗಿಟ್ಟು ನಕ್ಕ. ಮಗು ನಕ್ಕಂತೆ ನಕ್ಕ.

ರುಕ್ಮವ್ವನ ನಾಲಿಗೆಯ ತುದಿಗೆ ಬಂದಿದ್ದ ಮಾತು ಅಲ್ಲೇ ಸತ್ತಿತು.

*

ಸಿಂದಗಿಯ ಸಂತೆಯಲ್ಲಿ ಬಸಂತರಾಯ ಅವಳನ್ನು ತಡೆದು ನಿಲ್ಲಿಸಿದ. ಗಡ್ಡ ಬೆಳೆದಿತ್ತು, ಅಂಗಿ ಮಾಸಿತ್ತು.

"ಸಾಲೋಟಗಿಗೆ ಹೋಗಿದ್ದೆ ರುಕ್ಮಾ. ಎಲ್ಲರೆ ಒಂದು ಎಳಿ ಸಿಕ್ಕೀತಂತ. ಹಗೇದರ ಮನಿ ಬಿದ್ದು ಬಯಲಾಗೈತಿ. ಒಬ್ಬ ಮುದುಕ ಸಿಕ್ಕ. ಕಡೀ ಹಗೇದ ಹೇಂತಿ, ಕೂಸಿನ ಕರಕೊಂಡು ಯಂಕಂಚಿಗೆ ಹೋದ ಅಂದ. ಆ ಕೂಸು ನಿಮ್ಮಪ್ಪನ ಅಲ್ಲೇನು?"

"ಹೌದ್ರಿ. ನಮ್ಮಪ್ಪನ."

"ನಿನಗೇನರ ಗೊತ್ತಿದ್ರ ಹೇಳು. ನಿಮ್ಮ ಆಯಿ ಏನರ..."

ಹೇಳಿಬಿಡಲೇ? ಒಂದೇ ಮಾತು! ಇವನ ಮುಖದಲ್ಲಿ ಜೀವ ಬರುತ್ತದೆ. ಆದರೆ ಅಪ್ಪ?...

"ಏನೂ ಇಲ್ರಿ" ಎಂದಳು. "ಹಿರಿಯರು ಹೇಳಿದ್ದ ಖರೆ."

"ಇಷ್ಟ ಲಗೂ ಒಪ್ಪಿಕೊಂಡಿ?"

"ಮತ್ತೇನು ಮಾಡಬೇಕ್ರಿ? ಜಗಳಾಡಿದ್ರ ರಕ್ತ ಬದಲಾಗ್ತೈತೇನು?"

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿದ್ದ ಪ್ರಶ್ನೆ ಇಷ್ಟೇ... ನೀನು ನನ್ನನ್ನು ಪ್ರೀತಿಸಿದ್ದೇ ಸುಳ್ಳೇ? ಅವಳು ಮುಖ ತಿರುಗಿಸಿ ನಡೆದಳು. ಅವನು ಜನರ ನಡುವೆ ಮರೆಯಾದ ಮೇಲೆ ಬಳೆಗಾರರ ಅಂಗಡಿಯ ಹಿಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಊರು ಸುಮ್ಮನಿರುತ್ತದೆಯೇ? "ಅಣ್ಣ-ತಂಗಿ ಅಂತ, ಆದ್ರೂ..." ಎಂಬ ಪಿಸುಮಾತು ಹೊಲ ದಾಟಿ ನಾಲತವಾಡಕ್ಕೂ ಹೋಯಿತು. ಖಂಡೆಪ್ಪನೇ ದಾರಿ ಹುಡುಕಿದ. ನಾಗರ ಪಂಚಮಿಯ ದಿನ ಬಸಂತರಾಯ ಅಣ್ಣನಾಗಿ ಬಂದು ರುಕ್ಮವ್ವನಿಗೆ ಕುಪ್ಪಸದ ಖಣ ಕೊಡಬೇಕು. ಅವಳು ನಾಲ್ಕು ಜನರೆದುರು ಸೆರಗೊಡ್ಡಿ ಇಸಿದುಕೊಳ್ಳಬೇಕು. ಆಮೇಲೆ ಯಾರ ಬಾಯಿಯೂ ತೆರೆಯುವುದಿಲ್ಲ, ಹುಡುಗಿಗೆ ಬೇರೆ ಗಂಡು ನೋಡಬಹುದು.

ಶ್ರೀಶೈಲಪ್ಪ ಹೂಂ ಎಂದ.

*

ಪಂಚಮಿ ಬಂತು. ಊರ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡುತ್ತಿದ್ದರು. ಹಗೇದರ ಮನೆಯಲ್ಲಿ ಮಾತ್ರ ಜೋಕಾಲಿ ಕಟ್ಟಿರಲಿಲ್ಲ.

ಬಸಂತರಾಯನ ಅಂಗೈ ಮೇಲೆ ಎಲೆ ಅಡಿಕೆ, ಅದರ ಮೇಲೆ ಕೆಂಪಂಚಿನ ಖಣ. ಓಣಿಯ ಹಿರಿಯರು ಪಡಸಾಲೆಯಲ್ಲಿ ಕುಳಿತಿದ್ದರು.

"ಅಣ್ಣಾ ಅಂತ ಕರದು ಇಸಕೋ ತಂಗಿ" ಎಂದ ಖಂಡೆಪ್ಪ.

ರುಕ್ಮವ್ವ ಮುಂದೆ ಬಂದಳು. ಒಮ್ಮೆ ಅಪ್ಪನನ್ನು ನೋಡಿದಳು. ರುಮಾಲು ಸುತ್ತಿ ನೆಟ್ಟಗೆ ಕುಳಿತ ಅಪ್ಪ. ನಿನ್ನ ಹೆಸರು ನಿನಗೇ ಇರಲಿ ಅಪ್ಪಾ... ಎಂದು ಮನಸ್ಸಿನಲ್ಲೇ ಅಂದುಕೊಂಡು ಸೆರಗೊಡ್ಡಿದಳು.

"ಅ..."

ಕಣ್ಣೀರು ಖಣದ ಮೇಲೆ ಬಿತ್ತು. ಬಸಂತರಾಯ ಕಣ್ಣು ಮುಚ್ಚಿಕೊಂಡ.

"ಅಣ್..."

"ಬ್ಯಾಡ!"

ಶ್ರೀಶೈಲಪ್ಪ ಎದ್ದು ನಿಂತಿದ್ದ. ಕಂಬ ಹಿಡಿದುಕೊಂಡಿದ್ದ.

"ಬ್ಯಾಡ ಯವ್ವಾ... ಆ ಮಾತು ಅನಬ್ಯಾಡ. ನಾ ಹಗೇದ ಅಲ್ಲ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

"ಹಗೇವಿನ್ಯಾಗ ಸತ್ತ ಒಬ್ಬ ಆಳಿನ ಮಗ ನಾನು. ನನ್ನ ಸಾಕಿದ ಅಪ್ಪ ಸಾಯೂ ಮುಂದ ಕೈ ಹಿಡಕೊಂಡು ಹೇಳಿದ್ದ. ಎಲ್ಲಾ ಗೊತ್ತಿತ್ತು ನನಗ. ಗೊತ್ತಿದ್ದೂ ಆವತ್ತ ಒಂದ ರಕ್ತ ಅಂದೆ. ಅಲ್ಲ ಅಂದಿದ್ರ ನನಗೇನು ಉಳೀತಿತ್ತು? ಆದ್ರ... ಹೆಸರಿನ ಸಲುವಾಗಿ ಮಗಳ ಕುತಿಗಿ ಹಿಚುಕೂದು ನನ್ನ ಕಡಿಂದ ಆಗೂದಿಲ್ಲ."

ಮೂಲೆಯಲ್ಲಿದ್ದ ಹೊನ್ನವ್ವ ಗೋಡೆ ಹಿಡಿದು ಎದ್ದಳು.

"ನಿನಗ ಗೊತ್ತಿತ್ತೇನೋ? ಇಷ್ಟ ವರ್ಷ? ನನ್ನ ಮುಂದ ಯಾಕ ಅನಲಿಲ್ಲೋ?"

"ನೀ ನನ್ನ ಅವ್ವ ಇದ್ದಿ. ಏನಂತ ಅನಲಿ?"

ಮುದುಕಿ ಅವನ ಎದೆಗೆ ತಲೆ ಬಡಿದುಕೊಂಡು ಅತ್ತಳು. ಖಂಡೆಪ್ಪ ಕಣ್ಣೊರೆಸಿಕೊಂಡು, ಆದರೂ ಕೇಳಲೇಬೇಕಾದ್ದನ್ನು ಕೇಳಿದ.

"ಯಕ್ಕಾ, ಶಾಸ್ತ್ರ ಮಾಡಿ ದತ್ತಕ ತಗೊಂಡಿದ್ರೇನು?"

"ಯಾವ ಶಾಸ್ತ್ರೋ ತಮ್ಮಾ? ಅಳೂ ಕೂಸನ್ನ ಎತ್ತಿಕೊಂಡೆ."

"ಹಂಗಾದ್ರ ರಕ್ತಾನೂ ಬ್ಯಾರೆ, ಶಾಸ್ತ್ರಾನೂ ಇಲ್ಲ. ಬೀಗತನಕ್ಕ ಅಡ್ಡಿ ಇಲ್ಲ" ಎಂದ ಖಂಡೆಪ್ಪ. ಹಿರಿಯರು ತಲೆಯಾಡಿಸಿದರು.

ಶ್ರೀಶೈಲಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ತಾಯಿಯ ಮುಖ ಹಿಡಿದು ಕೇಳಿದ.

"ಯವ್ವಾ, ಹಗೇವಿನ್ಯಾಗ ಸತ್ತ ಆ ಮನಷ್ಯಾನ ಅಡ್ಡಹೆಸರೇನಿತ್ತು?"

ಹೊನ್ನವ್ವ ಬಹಳ ನೆನಪು ಮಾಡಿಕೊಂಡು ನೋಡಿದಳು.

"ದುಡೀಲಿಕ್ಕೆ ಬಂದಾವಪ್ಪಾ... ಯಾರೂ ಕೇಳಿರಲಿಲ್ಲ."

ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಗೆ ನಡೆದ.

*

ಹೊತ್ತು ಇಳಿಯತೊಡಗಿತ್ತು. ಮನೆಯಲ್ಲಿ ಯಾರೂ ಉಂಡಿರಲಿಲ್ಲ. ಬೇವಿನ ಕಟ್ಟೆಯ ಮೇಲೆ ಅಪ್ಪ ಬರಿದಲೆಯಲ್ಲಿ ಕುಳಿತಿದ್ದ. ಬಾಗಿಲಲ್ಲಿ ನಿಂತ ರುಕ್ಮವ್ವನ ಪಕ್ಕಕ್ಕೆ ಬಸಂತರಾಯ ಬಂದ.

"ನಿಮ್ಮ ಆಯಿ ಎಲ್ಲಾ ಹೇಳಿದ್ರು. ಸಂತ್ಯಾಗ ನಿಂತಾಗ ನಿನಗ ಗೊತ್ತಿತ್ತಲ್ಲ?"

ಅವಳು ಹೌದೆಂದು ತಲೆಯಾಡಿಸಿದಳು.

"ನಾ ನಿನ್ನ ಮ್ಯಾಲ ಸಿಟ್ಟಾಗಿದ್ದೆ ರುಕ್ಮಾ. ಮನಸಿನ್ಯಾಗ ಏನೇನೋ ಬೈದಿದ್ದೆ."

"ಬೈರಿ. ಇನ್ನ ಜನಮಾ ಪೂರಾ ಬೈಯಾಕ ಐತಲ್ಲ..." ಅವಳು ನಗಲು ಹೋಗಿ ಅತ್ತಳು. "ನನಗ ಸಂತೋಷ ಆಗಬೇಕ್ರಿ ಇವತ್ತ. ಅಪ್ಪನ ನೋಡಿದ್ರ ಆಗವಲ್ತು. ಎರಡು ಸಲ ಉಣ್ಣಾಕ ಕರದೆ, ಏಳಲಿಲ್ಲ."

"ನಾ ಕರೀಲೇನು?"

"ಏನಂತ ಕರೀತೀರಿ? ಹಗೇದರ ಅನಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಅವನು ಅವಳ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟು, ಅಂಗಳಕ್ಕೆ ಇಳಿದ. ಕಟ್ಟೆಯ ಮುಂದೆ ಮಂಡಿಯೂರಿ ಕುಳಿತು, ಶ್ರೀಶೈಲಪ್ಪನ ಮೊಣಕಾಲ ಮೇಲೆ ಕೈ ಇಟ್ಟ.

"ಮಾವಾ... ಏಳ್ರಿ. ನೀವು ಉಣ್ಣದ ಇಲ್ಲಿ ಯಾರೂ ಉಣ್ಣೂದಿಲ್ಲ."

ಶ್ರೀಶೈಲಪ್ಪ ಮೆಲ್ಲಗೆ ತಲೆ ಎತ್ತಿದ.

"ಏನಂದಿ?"

"ಮಾವಾ ಅಂದೆ."

"ಮತ್ತೊಮ್ಮೆ ಅನು ತಮ್ಮಾ" ಎಂದ ಶ್ರೀಶೈಲಪ್ಪ, ಏಳಲು ಅವನ ಹೆಗಲ ಮೇಲೆ ಕೈ ಇಡುತ್ತ.