ಮರಿ ಸೀನಿದ ದಿನ

ಕಾಫಿ ಮಷಿನ್ ಮುಂದೆ ಮೊದಲು ನಕ್ಕವಳು ನಾನೇ. ಅವನು ನನ್ನನ್ನು ನೋಡಿದ, ಕೈಯಲ್ಲಿದ್ದ ಖಾಲಿ ಲೋಟ ನೋಡಿದ, ಕಾಫಿಯನ್ನೂ ಹಿಡಿಯದೆ ತಿರುಗಿ ಹೊರಟೇಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಹೊಸ ಜಾಗ, ಯಾರ ಪರಿಚಯವೂ ಇಲ್ಲ, ಒಂದು ನಗೆಗೆ ಇಷ್ಟೊಂದು ಬಿಗುಮಾನವೇ? ಆ ಕ್ಷಣವೇ ಅವನಿಗೆ ಹೆಸರಿಟ್ಟೆ: ಜಂಭದ ಕೋಳಿ.

ನಾನು ಹನ್ನೊಂದು ವರ್ಷ ಬಂದರಿನಲ್ಲಿ ಕ್ರೇನ್ ನಡೆಸಿದವಳು. ಆಕಾಶದಲ್ಲಿ ಕೆಟ್ಟು ನಿಂತ ಉಪಗ್ರಹಗಳನ್ನು, ಭೂಮಿಯ ಮೇಲೆ ಕೂತೇ ರೋಬೋ ಕೈಯಿಂದ ರಿಪೇರಿ ಮಾಡುವ ಸಂಶೋಧನೆ ಈ ಹೊಸ ಜಾಗದಲ್ಲಿ ನಡೆಯುತ್ತಿತ್ತು. ನಿಜವಾದ ರೋಬೋ ಮುಂದಿನ ವರ್ಷ ಮೇಲೆ ಹೋಗುತ್ತದೆ. ಅದನ್ನು ನಡೆಸುವ ಕುರ್ಚಿ ಒಂದೇ. ಎಂಟು ವಾರದ ಪ್ರಯೋಗಕ್ಕೆ ಕರೆಸಿದ್ದು ನಮ್ಮನ್ನು, ಆರು ಜನರನ್ನು.

ಆ ಕುರ್ಚಿ ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಹಟಕ್ಕೆ ಬಿದ್ದವಳ ಹಾಗೆ ಬೇಕಿತ್ತು. ಬಂದರಿನಲ್ಲಿ ನಾನು ಭಾರವನ್ನು ಹೂವಿನಂತೆ ಇಳಿಸಿದಾಗಲೆಲ್ಲ, "ಇವತ್ತು ಗಾಳಿ ಇರಲಿಲ್ಲ ಬಿಡು" ಎಂದವರೇ ಹೆಚ್ಚು. ನಿನ್ನ ಕೈ ಚೆನ್ನಾಗಿದೆ ಎಂದು ಹನ್ನೊಂದು ವರ್ಷದಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ.

ಪ್ರಯೋಗ ನಡೆಸುವ ಹಿರಿಯ ವಿಜ್ಞಾನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ನನ್ನನ್ನು ಕೂರಿಸಿ ಅವರು ಪರದೆ ತೋರಿಸಿದರು, ರೋಬೋ ಕೈ ನಡೆಸುವ ಸ್ಟಿಕ್ ತೋರಿಸಿದರು. ರೋಬೋ ಕೈ ಇರುವುದು ಕೆಳಗಿನ ಹಾಲ್‌ನಲ್ಲಿ, ಅದರ ಮುಂದೆ ಒಂದು ನಕಲಿ ಉಪಗ್ರಹ.

"ನೀವು ಸ್ಟಿಕ್ ಒತ್ತಿ ಎರಡೂವರೆ ಸೆಕೆಂಡ್ ಆದ್ಮೇಲೆ ಕೈ ಅಲುಗುತ್ತೆ. ಮೇಲಿದ್ರೂ ಹಾಗೇ ಆಗೋದು. ಅಲುಗಲಿಲ್ಲ ಅಂತ ಅವಸರಪಟ್ಟು ಇನ್ನೊಂದ್ಸಲ ಒತ್ತಿದ್ರೆ ಉಪಗ್ರಹಕ್ಕೆ ಗುದ್ದು."

"ಮತ್ತೆ?"

"ಸ್ಟಿಕ್‌ನಲ್ಲಿ ಸಹಾಯಕ್ಕೆ ಒಂದು ಪ್ರೋಗ್ರಾಂ ಇದೆ. ನೀವು ತಪ್ಪಿದಾಗ ಮಾತ್ರ ಅದು ತಡೆಯುತ್ತೆ. ಇಲ್ಲಿ ಮಾತಾಡಿದ್ದೂ ರೆಕಾರ್ಡ್ ಆಗುತ್ತೆ. ಈ ಕಾಗದ ಪೂರ್ತಿ ಓದಿ ಸಹಿ ಹಾಕಿ."

ಸಹಿ ಹಾಕಿದೆ. ಓದಲಿಲ್ಲ.

ಮೊದಲ ದಿನವೇ ಅವಸರಪಟ್ಟೆ. ಎರಡನೇ ಸಲ ಒತ್ತಲು ಹೋದಾಗ ಸ್ಟಿಕ್ ನನ್ನ ಅಂಗೈಯನ್ನು ಮೆಲ್ಲಗೆ ತಡೆಯಿತು. ರಸ್ತೆಗೆ ನುಗ್ಗಲು ಹೊರಟವರ ಮೊಣಕೈಯನ್ನು ಪಕ್ಕದವರು ಹಿಡಿದುಕೊಂಡಂತೆ. ಬೈಗುಳವಿಲ್ಲ, ಜಗ್ಗಾಟವಿಲ್ಲ. ನನಗೆ ನಗು ಬಂತು.

"ಭಲೇ ಮರಿ, ನಿಂಗಿರೋ ತಾಳ್ಮೆ ನಂಗಿಲ್ಲ ನೋಡು."

ಅಂದಿನಿಂದ ಅದು ಮರಿಯಾಯಿತು. ಕ್ರೇನ್ ಜೊತೆ ಮಾತಾಡಿ ಅಭ್ಯಾಸವಾದವಳು, ಮರಿಯನ್ನು ಬಿಡುತ್ತೇನೆಯೇ? ಅಮ್ಮನ ಮಂಡಿನೋವು, ಅತ್ತಿಗೆಯ ಫೋನು, ಒಂದೂ ಬಿಡದೆ ಹೇಳಿದೆ. ಒಮ್ಮೆ ಮದುವೆಯ ಮಾತು ಗಟ್ಟಿಯಾಗಿ ಆಮೇಲೆ ಮುರಿದದ್ದನ್ನೂ ಹೇಳಿದೆ. "ಕ್ರೇನ್ ಬಿಡು ಅಂದ್ರು ಮರಿ. ಅವರನ್ನೇ ಬಿಟ್ಟೆ. ಆದ್ರೆ ಆಮೇಲೆ ಒಂದು ವಾರ ಕ್ರೇನ್ ಮೇಲೆ ಕೂತು ಅತ್ತಿದ್ದೀನಿ. ಅಷ್ಟು ಎತ್ತರದಲ್ಲಿ ಯಾರಿಗೆ ಕಾಣ್ಬೇಕು?" ಅಂದು ಸ್ಟಿಕ್ ತುಂಬ ಹೊತ್ತು ನನ್ನ ಅಂಗೈಗೆ ಒತ್ತಿಕೊಂಡೇ ಇತ್ತು.

ಜಂಭದ ಕೋಳಿಯ ಮೇಲಿನ ದೂರೂ ಅದಕ್ಕೇ.

"ಇವತ್ತು ನಾನು ಲಿಫ್ಟ್ ಹತ್ತಿದೆ, ಅವನು ಇಳಿದುಬಿಟ್ಟ! ನನ್ನಿಂದೇನು ಗ್ರೀಸ್ ವಾಸನೆ ಬರುತ್ತಾ? ಆದ್ರೆ ಒಂದು ಮಾತು ಹೇಳ್ಲಾ, ಯಾರಿಗೂ ಹೇಳ್ಬೇಡ. ಕಣ್ಣು ಮಾತ್ರ ಚೆನ್ನಾಗಿದೆ ಕಣೋ. ಅಷ್ಟು ಒಳ್ಳೆ ಕಣ್ಣಿಟ್ಕೊಂಡು ಕನ್ನಡಕದ ಕಡ್ಡಿಗೆ ಟೇಪ್ ಸುತ್ತಿದ್ದಾನೆ."

ಮರುದಿನ ಅವನ ಕನ್ನಡಕ ಹೊಸದಾಗಿತ್ತು. ಕಾರಿಡಾರ್‌ನಲ್ಲಿ ಎದುರಾದಾಗ ಒಂದು ಸಲ ಕತ್ತೆತ್ತಿ ನೋಡಿದ, ಕಿವಿಯವರೆಗೆ ಕೆಂಪಾದ, ಗೋಡೆ ಸವರಿಕೊಂಡು ದಾಟಿದ. ನನಗೆ ಏನೂ ಹೊಳೆಯಲಿಲ್ಲ. ಅಷ್ಟು ಪೆದ್ದಿ ನಾನು.

ಆರನೇ ವಾರದ ಹೊತ್ತಿಗೆ ನನ್ನ ಕೈ ಪಳಗಿತ್ತು. ಸ್ವಲ್ಪ ಒತ್ತುವುದು, ಕಾಯುವುದು, ಮತ್ತೆ ಸ್ವಲ್ಪ ಒತ್ತುವುದು. ಅಂದು ಬೆಳಿಗ್ಗೆ ಹನ್ನೊಂದಕ್ಕೆ, ಯಾರಿಗೂ ಬಗ್ಗದಿದ್ದ ಚಿಕ್ಕ ಬೋಲ್ಟ್ ನನ್ನ ಕೈಗೆ ಬಂತು. ಒಂದು ಕೂದಲೆಳೆಯ ತಪ್ಪೂ ಆಗಿರಲಿಲ್ಲ. ಅಷ್ಟರಲ್ಲಿ ಸ್ಟಿಕ್ ಧಡಕ್ಕನೆ ಎರಡು ಸಲ ಅದುರಿತು.

ಅದೇ ಗಳಿಗೆಯಲ್ಲಿ ಗೋಡೆಯಾಚೆಯಿಂದ ಕೇಳಿಸಿತು: "ಆಕ್ಷಿ! ಆಕ್ಷಿ!"

ಸ್ಟಿಕ್ ಬಿಟ್ಟು ಎದ್ದೆ. ಪ್ರೋಗ್ರಾಂಗೆ ನೆಗಡಿಯಾಗುವುದುಂಟೇ? ಪಕ್ಕದ ಬಾಗಿಲ ಮೇಲೆ "ವಿದ್ಯುತ್ ಕೋಣೆ, ಪ್ರವೇಶವಿಲ್ಲ" ಎಂದಿತ್ತು. ತಳ್ಳಿದೆ.

ನನ್ನದರಂಥದೇ ಸ್ಟಿಕ್. ಅದರ ಮೇಲೆ ಅವನ ಬಲಗೈ. ಎಡಗೈಯಲ್ಲಿ ಕರವಸ್ತ್ರ, ಮೂಗು ಕೆಂಪು.

"ನೀವಾ?"

"ಹೌದು," ಎಂದ. ಆರು ವಾರದಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಎದ್ದು ನಿಂತು ತಡವರಿಸುತ್ತ ಎಲ್ಲ ಹೇಳಿದ. ಪ್ರೋಗ್ರಾಂ ಇನ್ನೂ ಬರೆದೇ ಇಲ್ಲ. ಎರಡು ಸ್ಟಿಕ್ಕೂ ತಂತಿಯಲ್ಲಿ ಜೋಡಿ, ಇಲ್ಲಿ ಹಿಡಿದರೆ ಅಲ್ಲಿ ತಡೆ. ಅದು ಮನುಷ್ಯರ ಕೈಯನ್ನು ಹೇಗೆ ತಡೆಯಬೇಕು ಎಂದು ಕಲಿಯಲು ಮೊದಲು ಮನುಷ್ಯನೊಬ್ಬ ಪ್ರೋಗ್ರಾಂನ ಹಾಗೆ ನಟಿಸಬೇಕು. ಇದು ಈ ಕೆಲಸದಲ್ಲಿ ನಡೆದುಬಂದ ಪದ್ಧತಿ. ಆಚೆ ಇರುವುದು ಮನುಷ್ಯ ಎಂದು ಗೊತ್ತಾದರೆ ನಡೆಸುವವರ ರೀತಿಯೇ ಬದಲಾಗುತ್ತದೆ, ಅದಕ್ಕೇ ಗುಟ್ಟು. ಆರು ಜನರ ಜೊತೆಯೂ ಅವನು ಹೊರಗೆ ಮಾತಾಡುವ ಹಾಗಿಲ್ಲ.

"ಕಾಫಿ ಮಷಿನ್ ಹತ್ರಾನೂ?"

"ಅಲ್ಲೂ. ಆಮೇಲೆ ಅಲ್ಲಿ ಕಾಫಿ ಕುಡಿಯೋದೇ ಬಿಟ್ಟೆ."

"ನಾನು ಹೇಳಿದ್ದೆಲ್ಲ ಕೇಳಿಸ್ಕೊಂಡ್ರಾ?"

"ಕೇಳಿಸ್ತಿತ್ತು."

"ಜಂಭದ ಕೋಳಿ?"

"ಅದೂ."

"ಕಣ್ಣಿನ ವಿಷಯ?"

ಅವನು ಹೊಸ ಕನ್ನಡಕ ತೆಗೆದು ಒರೆಸತೊಡಗಿದ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಚುಚ್ಚಿತು.

"ಹಾಗಾದ್ರೆ ಇಷ್ಟು ದಿನ ಬೋಲ್ಟ್ ತೆಗೆದಿದ್ದು ನಾನಾ, ನೀವಾ?"

ಅವನು ಬಾಯಿ ತೆರೆದ. ಉತ್ತರ ಕೇಳುವ ಧೈರ್ಯವಾಗದೆ ಬಾಗಿಲು ಎಳೆದುಕೊಂಡು ಹೊರಟೆ.

ಎರಡು ದಿನ ಹೋಗಲಿಲ್ಲ. ಮನೆಯಲ್ಲಿ ಅಮ್ಮ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತ ಎಲ್ಲ ಕಾರಿಕೊಂಡೆ. ಅಮ್ಮ ಮಷಿನ್ ನಿಲ್ಲಿಸಿದಳು.

"ಮೋಸ ಮಾಡಿದ ಅಂತ ಕೋಪಾನಾ, ಅದು ಮನುಷ್ಯ ಅಂತ ಖುಷೀನಾ? ಮೊದ್ಲು ಅದನ್ನ ಹೇಳು."

"ಎರಡೂ."

"ಹಾಗಿದ್ರೆ ಊಟ ಮಾಡು. ಬರೀ ಕೋಪ ಆಗಿದ್ರೆ ನಂಗೆ ಚಿಂತೆ ಆಗ್ತಿತ್ತು."

ಮೂರನೇ ದಿನ ದೊಡ್ಡ ಮೇಡಂ ಕರೆಸಿದರು. ಅವರ ಕೋಣೆಯಲ್ಲಿ ಅವನೂ ಇದ್ದ. ಗುಟ್ಟು ರಟ್ಟಾಯಿತೆಂದು ಅಂದೇ ಅವನೇ ಹೋಗಿ ಬರೆದುಕೊಟ್ಟಿದ್ದನಂತೆ.

"ನಿಜ ಮುಚ್ಚಿಟ್ಟು ಪ್ರಯೋಗ ಮಾಡಿದ್ಮೇಲೆ ಒಂದು ನಿಯಮ ಇದೆ," ಎಂದರು ಮೇಡಂ. "ನಿಮಗೆ ಒಪ್ಪಿಗೆ ಇಲ್ಲದಿದ್ರೆ ನಿಮ್ಮ ದಾಖಲೆ ವಾಪಸ್ ತಗೋಬಹುದು. ಯಾರೂ ಯಾಕೆ ಅಂತ ಕೇಳಲ್ಲ. ಪೂರ್ತಿ ತಗೊಂಡ್ರೆ ಇವನ ಎರಡು ವರ್ಷದ ಕೆಲಸ ಕುಂಟುತ್ತೆ. ದಾಖಲೆ ಇಲ್ಲದೆ ನಿಮ್ಮನ್ನ ಕುರ್ಚಿಗೆ ಆರಿಸೋಕೂ ನಂಗಾಗಲ್ಲ. ಅಂದ್ರೂ ಅದು ನಿಮ್ಮ ಹಕ್ಕು. ಈ ಸಲನಾದ್ರೂ ಓದಿ ಸಹಿ ಹಾಕಿ."

ಅವರು ಎದ್ದು ಹೋದರು. ಅವನು ಕಾಗದವನ್ನು ನನ್ನ ಮುಂದಿಟ್ಟ. ಅದರ ಮೇಲೆ ಒಂದು ದಪ್ಪ ಪುಸ್ತಕವನ್ನೂ ಇಟ್ಟ.

"ನೀವು ಕೇಳಿದ್ದಕ್ಕೆ ಉತ್ತರ ಇದರಲ್ಲಿದೆ. ನೋಡಿ, ಆಮೇಲೆ ಏನು ಬೇಕಾದ್ರೂ ಬರೀರಿ. ನನ್ನ ಕೆಲಸದ ಯೋಚನೆ ಮಾಡ್ಬೇಡಿ."

ಪುಟ ತಿರುವಿದೆ. ದಿನಕ್ಕೊಂದು ಸಾಲು. ದಿನಾಂಕದ ಮುಂದೆ, ಅವನು ನನ್ನನ್ನು ಎಷ್ಟು ಸಲ ತಡೆದ ಎಂಬ ಲೆಕ್ಕ. ಮೊದಲ ದಿನ ನಲವತ್ತೊಂದು. ಎರಡನೇ ವಾರಕ್ಕೆ ಹತ್ತರ ಒಳಗೆ. ನಾಲ್ಕನೇ ವಾರದಿಂದ ಕೆಳಗೆ ಬರೀ ಸೊನ್ನೆ.

"ಆರು ಜನರಲ್ಲಿ ಸೊನ್ನೆಗೆ ಬಂದಿದ್ದು ನೀವೊಬ್ರೇ," ಎಂದ. "ಅಂಥ ಕೈಯನ್ನ ನಾನು ನೋಡಿಲ್ಲ."

ಕಣ್ಣು ತುಂಬಿ ಬಂತು. ತೋರಿಸಿಕೊಳ್ಳದೆ ಜಗಳ ತೆಗೆದೆ. "ಸುಳ್ಳು. ಸ್ಟಿಕ್‌ನಲ್ಲಿ ದಿನಾ ಇನ್ನೊಂದು ಕೈ ಇತ್ತು. ನಂಗೆ ಗೊತ್ತಾಗ್ತಿತ್ತು."

"ತಡೀತಿರ್ಲಿಲ್ಲ. ಸುಮ್ನೆ ಹಿಡ್ಕೊಂಡಿರ್ತಿದ್ದೆ. ಅಷ್ಟಕ್ಕೆ ರೋಬೋ ಅಲುಗಲ್ಲ, ಲೆಕ್ಕ ಹಾಕಿ ನೋಡಿದ್ದೀನಿ. ಆದ್ರೆ ನೀವು ತಪ್ಪದೇ ಇರೋವಾಗ ನಾನು ಕೈ ತೆಗೀಬೇಕಿತ್ತು. ಅದು ನನ್ನ ತಪ್ಪು. ಅದನ್ನೂ ಬರೆದಿದ್ದೀನಿ."

ಕೊನೆಯ ಪುಟದಲ್ಲಿ ಮುದ್ದಾದ ಅಕ್ಷರದಲ್ಲಿ ಇತ್ತು: ನಾಲ್ಕನೇ ವಾರದಿಂದ ನಿಯಮ ಮೀರಿ ಸ್ಟಿಕ್ ಹಿಡಿದಿದ್ದೇನೆ. ಕಾರಣ: ಕೈ ತೆಗೆಯಲು ಮನಸ್ಸಾಗಲಿಲ್ಲ. ಕೆಳಗೆ ಅವನ ಸಹಿ. ಅದರ ಪಕ್ಕದಲ್ಲಿ, ಓದಿದ್ದೇನೆ ಎಂದು ದೊಡ್ಡ ಮೇಡಂ ಸಹಿ.

"ಇದನ್ನ ಮೇಡಂಗೆ ಹೀಗೇ ಕೊಟ್ರಾ?"

"ಕಾರಣ ಬರೀಲೇಬೇಕಿತ್ತು. ಬೇರೆ ಕಾರಣ ಇರ್ಲಿಲ್ಲ."

ಪೆನ್ ತೆಗೆದುಕೊಂಡೆ. ಅವನು ಕಿಟಕಿಯ ಕಡೆ ತಿರುಗಿ ನಿಂತ. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನಿಧಾನವಾಗಿ ಬರೆದೆ: ನನ್ನ ಕೈಯ ದಾಖಲೆ ಉಳಿಯಲಿ. ಧ್ವನಿಯ ದಾಖಲೆ ಅಳಿಸಿ.

ಅವನು ಓದಿದ. "ಧ್ವನಿ ಪೂರ್ತೀನಾ?"

"ಪೂರ್ತಿ. ಅದೆಲ್ಲ ಮರಿಗೆ ಹೇಳಿದ್ದು, ನಿಮಗಲ್ಲ. ನಿಮಗೆ ಹೇಳ್ಬೇಕಾದ್ದನ್ನ ನಿಮ್ಮ ಮುಖ ನೋಡ್ಕೊಂಡೇ ಹೇಳ್ತೀನಿ. ಕೂತ್ಕೊಳ್ಳಿ."

ಕೂತ. ಹತ್ತಿರದಿಂದ ಆ ಕಣ್ಣು ಇನ್ನೂ ಚೆನ್ನಾಗಿತ್ತು.

"ನಂಗೆ ನೀವು ಇಷ್ಟ ಕಣ್ರೀ. ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಆದ್ರೂ ಇಷ್ಟ. ಈಗ ನೀವು ಮಾತಾಡಿ. ಇಷ್ಟು ದಿನ ನಾನೊಬ್ಳೇ ಮಾತಾಡಿದ್ದೀನಿ."

ಅವನು ಮಾತು ಶುರುಮಾಡಿದ. ಮೊದಲು ತೊದಲಿದ, ಆಮೇಲೆ ನಿಲ್ಲಲೇ ಇಲ್ಲ. ದೊಡ್ಡ ಮೇಡಂ ಎರಡು ಸಲ ಬಾಗಿಲು ತೆರೆದು ನೋಡಿ, ತಮ್ಮದೇ ಕೋಣೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದರು.