ತೊಳೆಯದ ವೇಲು

ರಾಜೇಶ್ವರಿ ನಿನ್ನೆಯ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ, ಚೂರು ಚೂರಾಗಿ ಮುರಿದು, ಪಡಸಾಲೆಯ ಕಲ್ಲಿನ ಮೇಲೆ ಸಾಲಾಗಿ ಇಡುತ್ತ ಬಂದಳು. ಕೊನೆಯ ಚೂರನ್ನು ಕೈಚಾಚಿ ನಾಯಿ ಒಯ್ಯಲು ತಂದಿದ್ದ ತಂತಿಯ ಕ್ರೇಟಿನೊಳಗೆ ಇಟ್ಟಳು. ಗೋಡೆಗೆ ಒರಗಿ ಕುಳಿತಿದ್ದ ಅಜಿತ ನೋಡುತ್ತಿದ್ದ.

ಚಂದ್ರಿ ಒಂದೊಂದೇ ಚೂರು ತಿನ್ನುತ್ತ ಬಂದಿತು. ಅಪ್ಪಟ ಮುಧೋಳ ನಾಯಿ. ಬೆಳ್ಳನೆಯ ನೀಳ ಮೈ, ಜಿಂಕೆಯಂಥ ಕಾಲು. ಕ್ರೇಟಿನೊಳಗೆ ಕತ್ತು ಹಾಕಿ, ಹಾಸಿದ್ದ ಕೌದಿಯನ್ನು ಮೂಸಿ, ಹಿಂದೆ ಸರಿಯಿತು.

"ಇಲಿ ಸೈತ ಬೋನಿಗೆ ಅಂಜತೈತಿ. ಅದಕ್ಕೇನ ಅಷ್ಟೂ ಬುದ್ಧಿ ಇಲ್ಲೇನು?" ಜೋಳ ಹಸನು ಮಾಡುತ್ತಿದ್ದ, ರಾಜೇಶ್ವರಿಯ ಅಜ್ಜಿ ಹಾಲವ್ವ ಅಂದಳು.

"ಬೋನಲ್ರೀ ಆಯಿ, ಅದರ ಮನಿ," ಅಂದ ಅಜಿತ.

"ನಿನಗ ಯಾರರ ಇಂಥಾ ಮನಿ ಕಟ್ಟಿಕೊಟ್ರ ಹೊಕ್ಕೀಯೇನಪಾ?"

"ಒಳಗ ಯಾರ ಅದಾರ ಅನ್ನೂದರ ಮ್ಯಾಲ ಐತ್ರಿ."

ಅವನ ನೋಟ ಒಂದು ಗಳಿಗೆ ತನ್ನ ಕಡೆ ಬಂದು ಹೋದದ್ದನ್ನು ರಾಜೇಶ್ವರಿ ತಲೆ ಎತ್ತದೆಯೇ ಕಂಡಳು.

ಅಜಿತ ಜಮಖಂಡಿಯವ; ದಿನಾ ಸಂಜೆ ಬಂದು ಹೋಗುತ್ತಿದ್ದ. ಕೊಲ್ಲಾಪುರದ ಹತ್ತಿರ ನಾಯಿ ಸಾಕುವವರೊಬ್ಬರು ರನ್ನ ಬೆಳಗಲಿಯ ಶಿದ್ರಾಮಪ್ಪನಿಂದ ಚಂದ್ರಿಯನ್ನು ಕೊಂಡಿದ್ದರು. ಹಿಂದೊಮ್ಮೆ ಹೀಗೆ ಒಯ್ದ ನಾಯಿ ದಾರಿಯಲ್ಲಿ ಹೆದರಿ ತಂತಿ ಕಚ್ಚಿ ಹಲ್ಲು ಮುರಿದುಕೊಂಡಿತ್ತಂತೆ. ಅದಕ್ಕೇ ಈ ಸಲ, ಅದು ತಾನಾಗಿ ಕ್ರೇಟಿನಲ್ಲಿ ಮಲಗುವುದನ್ನು ಕಲಿತ ಮೇಲೆಯೇ ಕರೆತಾ ಎಂದು ಅವನನ್ನು ಕಳಿಸಿದ್ದರು. ಆಮೇಲೆ ಅವನ ಕೆಲಸವೂ ಕೊಲ್ಲಾಪುರದ ಕಡೆಗೇ. ಚಂದ್ರಿ ಕಲಿತ ದಿನವೇ ಅಜಿತ ಹೊರಡುವ ದಿನ. ಶಿದ್ರಾಮಪ್ಪನ ಮಗಳಾದ ರಾಜೇಶ್ವರಿಗೆ ಇದು ಮೊದಲ ಸಂಜೆಯೇ ತಿಳಿದಿತ್ತು, ಮೂರನೆಯ ಸಂಜೆಯಿಂದ ನೋಯತೊಡಗಿತ್ತು.

ಆದರೂ ನಾಯಿಯ ಅಂಜಿಕೆಯನ್ನು ನೋಡುತ್ತ ಸುಮ್ಮನಿರುವುದು ಅವಳಿಂದ ಆಗಲಿಲ್ಲ. ಚಂದ್ರಿ ಅನುಮಾನದಿಂದ ಮೂಸುತ್ತಿದ್ದದ್ದು ಕ್ರೇಟನ್ನಲ್ಲ, ಕೌದಿಯನ್ನು.

"ಆಯಿ, ಕೌದಿ ಒಗದೀಯೇನು?"

"ಮತ್ತ ಒಗೀದ ಕಳಸೂದೇನು? ಇನ್ನೊಬ್ಬರ ಮನಿಗೆ ಹೋಗೂ ಹಾಸಿಗಿ. ಕುದಿಯೂ ನೀರಾಗ ಎರಡ ಸಲ ಒಗದೇನಿ."

ಈ ಮನೆಯಿಂದ ಬಟ್ಟೆಯಾಗಲಿ ಪಾತ್ರೆಯಾಗಲಿ ತೊಳೆಯದೆ ಹೊಸ್ತಿಲು ದಾಟಿದ್ದೇ ಇಲ್ಲ.

ಅಜಿತ ನಕ್ಕುಬಿಟ್ಟ. "ಅದರ ವಾಸನಿನ ತಗದಬಿಟ್ಟೀರಲ್ರೀ ಆಯಿ. ಈಗ ಅದಕ್ಕ ಅದು ಪರರ ಹಾಸಿಗಿ." ಆಮೇಲೆ ರಾಜೇಶ್ವರಿಯತ್ತ ತಿರುಗಿ ಮೆಲ್ಲಗೆ ಕೇಳಿದ, "ನೀವು ದಿನಾ ಹಾಕ್ಕೊಳ್ಳೂದು ಏನರ ಐತೇನ್ರಿ? ಒಗೀಲಾರದ್ದು?"

ಅವಳು ಒಳಗೆ ಹೋಗಿ, ಬಹಳ ಹೊತ್ತು ನಿಂತು, ನೀಲಿ ವೇಲನ್ನು ಸಣ್ಣದಾಗಿ ಮಡಚಿ ತಂದಳು.

"ಮೂರ ದಿವಸದ್ದೈತ್ರಿ. ಮೂಸಬ್ಯಾಡ್ರಿ."

"ನಾಯಿಗೆ ಹೇಳಾಕತ್ತೀರೊ, ನನಗೊ?"

ಅವಳು ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತ ನಿಂತಳು. ಚಂದ್ರಿ ಒಳಗೆ ಹೋಗಿ, ಎರಡು ಸುತ್ತು ಸುತ್ತಿ, ವೇಲಿನ ಮೇಲೆ ಕುಳಿತಿತು.

ಆಮೇಲಿನ ಸಂಜೆಗಳು ಕನಸಿನಂತೆ ಸರಿದವು. ಇಳಿಬಿಸಿಲಿನಲ್ಲಿ ತಂತಿಯ ನೆರಳು ಚೌಕ ಚೌಕವಾಗಿ ನಾಯಿಯ ಬೆನ್ನ ಮೇಲೂ ಅಜಿತನ ತೋಳಿನ ಮೇಲೂ ಬೀಳುತ್ತಿತ್ತು. ಕ್ರೇಟಿನ ಬಾಗಿಲು ಮುಚ್ಚಿ ಮೊದಲ ದಿನ ಐದು ಎಣಿಸುವಷ್ಟು, ಮರುದಿನ ಇಪ್ಪತ್ತು, ಆಮೇಲೆ ನೂರು. ಇಬ್ಬರೂ ಕ್ರೇಟಿನ ಎರಡು ಬದಿಗೆ ಕುಳಿತು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಅವನು ಮರಾಠಿಯಲ್ಲಿ ಎಣಿಸುತ್ತಿದ್ದ; ತುಟಿಗಳು ತುಸುವೇ ಅಲುಗುತ್ತಿದ್ದವು. ಅದನ್ನೇ ನೋಡುತ್ತ ಅವಳಿಗೆ ಎಣಿಕೆ ತಪ್ಪುತ್ತಿತ್ತು.

ಒಂದು ಮಧ್ಯಾಹ್ನ, ಯಾರೂ ಕರೆಯದೆ, ಚಂದ್ರಿ ತಾನೇ ಕ್ರೇಟಿನೊಳಗೆ ಹೋಗಿ ಕಾಲು ಚಾಚಿ ನಿದ್ದೆ ಹೋಯಿತು.

ಸಂಜೆ ಅಜಿತ ಕೇಳಿದ, "ಇವತ್ತ ತಾನಾಗಿ ಒಳಗ ಹೋಗಿತ್ತೇನ್ರಿ?"

"ಇಲ್ರಿ."

ಅವನು ನಿನ್ನೆ ಸಂಜೆ ತಾನೇ ಕೊಡವಿ ಹಾಸಿದ್ದ ವೇಲಿನಿಂದ ಒಂದು ಬಿಳಿ ಕೂದಲು ತೆಗೆದು, ಬೆಳಕಿಗೆ ಹಿಡಿದು ನೋಡಿ, ಕೆಳಗೆ ಬಿಟ್ಟ. "ಇರ್ಲಿ ಬಿಡ್ರಿ. ನಾಳೆ ನೋಡೂಣು," ಅಂದ.

ಮೂರು ದಿನ ಹೀಗೆಯೇ ನಡೆಯಿತು. ನಾಲ್ಕನೆಯ ದಿನ ಹಾಲವ್ವ ಮೊರ ಕೆಳಗಿಟ್ಟು, "ಏನ ಕಲಸಾಕತ್ತೀಯೋ ಮಾರಾಯಾ? ದಿನಾ ಮಧ್ಯಾಹ್ನ ಅದರಾಗ ಗೊರಕಿ ಹೊಡಿತೈತಿ ಅದು," ಅಂದುಬಿಟ್ಟಳು. ಶಿದ್ರಾಮಪ್ಪನೂ ಅಲ್ಲೇ ಇದ್ದ. "ಹಂಗಾರ ನಾಳೆನ ಒಯ್ಯಪಾ," ಅಂದ.

ಮರುದಿನ ಬೆಳಿಗ್ಗೆ ಗಾಡಿ ಬಂತು. ಚಂದ್ರಿ ಪಂಜೆಯ ಮೇಲೆ ಮೂತಿ ಇಟ್ಟು, ಕ್ರೇಟಿನೊಳಗೆ ಅಂಜದೆ ಮಲಗಿತ್ತು. ಅದನ್ನು ಗಾಡಿಗೆ ಏರಿಸಿ ಶಿದ್ರಾಮಪ್ಪ ಹಿಂದೆ ಹಗ್ಗ ಬಿಗಿಯತೊಡಗಿದ. ಅಜಿತ ರಾಜೇಶ್ವರಿ ನಿಂತಿದ್ದ ಬದಿಗೆ ಬಂದು ದನಿ ತಗ್ಗಿಸಿದ.

"ಮೊದಲನೇ ದಿನಾನ ಗೊತ್ತಾಗಿತ್ತು ನನಗ. ಕೂದಲಾ ನೋಡಿದ್ನಿ."

"ಮತ್ತ ಸುಮ್ನ ಇದ್ರಲ್ರಿ."

"ಹೇಳಿದ್ರ ಹೋಗಬೇಕಾಗ್ತಿತ್ತು. ನೀವ್ಯಾಕ ಸುಳ್ಳ ಹೇಳಿದ್ರಿ?"

ಮನೆಯವರ ಮುಂದೆ ಎಂದೂ ದನಿ ಎತ್ತದವಳು ರಾಜೇಶ್ವರಿ. ಈಗ ಎಲ್ಲರಿಗೂ ಕೇಳುವಂತೆಯೇ ಅಂದಳು: "ಐತವಾರ ಬರ್ರಿ."

ಹಗ್ಗದ ಮೇಲೆ ಶಿದ್ರಾಮಪ್ಪನ ಕೈ ನಿಂತಿತು. ಬಾಗಿಲಲ್ಲಿ ಹಾಲವ್ವ ಸೆರಗು ಬಾಯಿಗೆ ಹಿಡಿದಳು. ಅಜಿತನಿಗೆ ಗಾಡಿಯ ಬೀಗದ ಕೈ ಎಲ್ಲಿ ಹಾಕಬೇಕೆಂಬುದೇ ಮರೆತಂತಿತ್ತು. ಅವಳು ತಲೆ ತಗ್ಗಿಸಲಿಲ್ಲ.

"ಬಂದು ಅಪ್ಪನ ಕೂಡ ಮಾತಾಡ್ರಿ."